ಪ್ರಾಗ್ ಸುತ್ತೋಕೆ ಹೊರಟಿದ್ದೀರಾ? ಮೊದಲು ಕೊರುನಾ ಲೆಕ್ಕ ನೋಡಿಕೊಳ್ಳಿ

ಪ್ರಾಗ್‌ನಲ್ಲಿ ದುಡ್ಡು ಕಳೆದುಕೊಳ್ಳೋಕೆ ಜೇಬುಗಳ್ಳರೇ ಬೇಕಾಗಿಲ್ಲ. ಹಣ ಬದಲಿಸುವ ಕೌಂಟರ್‌ನಲ್ಲಿ ಕುಳಿತವನು ರಸೀದಿ ಕೊಟ್ಟೇ, ನಗುನಗುತ್ತಲೇ ಆ ಕೆಲಸ ಮುಗಿಸಿಬಿಡುತ್ತಾನೆ.

ಜೆಕ್ ಗಣರಾಜ್ಯ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ಅಲ್ಲಿ ಚಲಾವಣೆಯಲ್ಲಿರೋದು ಯೂರೋ ಅಲ್ಲ, ಕೊರುನಾ. ವಿಯೆನ್ನಾದಿಂದಲೋ ಬರ್ಲಿನ್‌ನಿಂದಲೋ ರೈಲಿನಲ್ಲಿ ಬಂದಿಳಿದವರು ಕೈಯಲ್ಲಿರುವ ಯೂರೋ ಬದಲಿಸೋಕೆ ಕಣ್ಣಿಗೆ ಬಿದ್ದ ಮೊದಲ ಕೌಂಟರ್‌ಗೆ ನುಗ್ಗುತ್ತಾರೆ. ಬೋರ್ಡಿನಲ್ಲಿ ದೊಡ್ಡದಾಗಿ ‘ಸೊನ್ನೆ ಕಮಿಷನ್’ ಅಂತಿರುತ್ತೆ. ಅದು ಸುಳ್ಳೇನಲ್ಲ, ಕಮಿಷನ್ ಸೊನ್ನೆಯೇ. ಕೆಟ್ಟಿರೋದು ದರ. ಮಾರುಕಟ್ಟೆಯಲ್ಲಿ ಒಂದು ಯೂರೋಗೆ 24.5 ಕೊರುನಾ ಇರುವಾಗ ಕೌಂಟರ್‌ನವರು 17ರ ಲೆಕ್ಕದಲ್ಲಿ ಕೊಟ್ಟರೆ, 100 ಯೂರೋಗೆ 2,450ರ ಬದಲು 1,700 ಕೈಗೆ ಬರುತ್ತೆ. 750 ಕೊರುನಾ, ಅಂದರೆ ಸುಮಾರು 30 ಯೂರೋ ಹೋಯ್ತು.

ನೋಟು ಕೈಬಿಡುವ ಮೊದಲು ಫೋನಿನಲ್ಲಿ ಆ ದಿನದ ದರ ನೋಡಿ, ‘ಇಷ್ಟು ಯೂರೋಗೆ ಒಟ್ಟು ಎಷ್ಟು ಕೊರುನಾ?’ ಎಂದು ಕೇಳಿ, ಅಂಕಿಯನ್ನು ಬರೆದು ತೋರಿಸೋಕೆ ಹೇಳಿ. ಕೊಟ್ಟಮೇಲೆ ಮೋಸ ಗೊತ್ತಾದರೂ ದಾರಿಯಿದೆ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ಕಾರಣ ಹೇಳಬೇಕಿಲ್ಲ. ರಸೀದಿ ಹಿಡಿದು ಅದೇ ಕೌಂಟರ್‌ಗೆ ಹೋಗಿ, ಕೊರುನಾ ಹಿಂತಿರುಗಿಸಿ ನಿಮ್ಮ ಯೂರೋ ಕೇಳಿ. ಬಹಳಷ್ಟು ಪ್ರವಾಸಿಗಳು ರಸೀದಿಯನ್ನು ಅಲ್ಲೇ ಬುಟ್ಟಿಗೆ ಎಸೆದು ಹೋಗುತ್ತಾರೆ, ಕೌಂಟರ್‌ನವರಿಗೂ ಅದೇ ಬೇಕು.

ಬೀದಿಯಲ್ಲಿ ಹತ್ತಿರ ಬಂದು ‘ಒಳ್ಳೆ ರೇಟ್ ಕೊಡ್ತೀನಿ’ ಅನ್ನುವವನ ಜೊತೆ ಮಾತೇ ಬೇಡ. ಅಂಥವರು ಕೊಡೋದು ಹಂಗೇರಿಯ ಫೋರಿಂಟ್, ಇಲ್ಲವೇ 2016ರಲ್ಲಿ ರದ್ದಾದ ಸರಣಿಯ ಬೆಲಾರುಸ್ ರೂಬಲ್. ನೋಟಿನ ಮೇಲೆ ಸೊನ್ನೆಗಳು ಬೇಕಾದಷ್ಟಿರುತ್ತವೆ, ಬೆಲೆ ಮಾತ್ರ ತೀರಾ ಕಮ್ಮಿ, ಇಲ್ಲವೇ ಇರೋದೇ ಇಲ್ಲ. ಅಸಲಿ 100 ಕೊರುನಾ ನೋಟಿನ ಮೇಲೆ ನಾಲ್ಕನೇ ಚಾರ್ಲ್ಸ್ ಇರುತ್ತಾನೆ. 1357ರಲ್ಲಿ ಚಾರ್ಲ್ಸ್ ಸೇತುವೆಗೆ ಅಡಿಪಾಯ ಹಾಕಿಸಿದ ರಾಜ ಅವನೇ. 2,000ದ ನೋಟಿನ ಮೇಲಿರೋದು ಒಪೆರಾ ಗಾಯಕಿ ಎಮಾ ಡೆಸ್ಟಿನೊವಾ.

ಎಟಿಎಂ ಕಥೆಯೂ ಬೇರೆಯಲ್ಲ. ಪ್ರವಾಸಿ ಬೀದಿಯಲ್ಲಿ ಒಂಟಿಯಾಗಿ ನಿಂತಿರುವ ಯಂತ್ರ ಬಿಟ್ಟು ಬ್ಯಾಂಕ್ ಶಾಖೆಗೆ ಅಂಟಿಕೊಂಡಿರೋದನ್ನು ಹುಡುಕಿ. ಪರದೆಯ ಮೇಲೆ ‘ನಿಮ್ಮ ಕಾರ್ಡಿನ ಕರೆನ್ಸಿಯಲ್ಲೇ ಪರಿವರ್ತಿಸಲೇ?’ ಎಂಬ ಪ್ರಶ್ನೆ ಬಂದಾಗ ಬೇಡ ಅನ್ನಿ. ‘ಡಿಕ್ಲೈನ್ ಕನ್ವರ್ಷನ್’ ಒತ್ತಿದರೆ ವ್ಯವಹಾರವೇ ರದ್ದಾಗುತ್ತೆ ಅಂತ ಹೆದರಿ ಎಷ್ಟೋ ಜನ ‘ಅಕ್ಸೆಪ್ಟ್’ ಒತ್ತುತ್ತಾರೆ. ರದ್ದಾಗಲ್ಲ, ದುಡ್ಡು ಬರುತ್ತೆ, ದರ ಮಾತ್ರ ನಿಮ್ಮ ಕಾರ್ಡ್ ಜಾಲದ್ದಾಗಿರುತ್ತೆ (ವೀಸಾ, ಮಾಸ್ಟರ್‌ಕಾರ್ಡ್ ಥರದ್ದು). ಹೋಟೆಲ್, ಅಂಗಡಿಗಳ ಕಾರ್ಡ್ ಯಂತ್ರದಲ್ಲೂ ರೂಪಾಯಿ ಬೇಡ, ಕೊರುನಾ ಆರಿಸಿ. ಬೆಂಗಳೂರಿನಿಂದ ಯೂರೋ ತುಂಬಿದ ಫಾರೆಕ್ಸ್ ಕಾರ್ಡ್ ತರುವವರು, ಕೊರುನಾದಲ್ಲಿ ಖರ್ಚು ಮಾಡಿದರೆ ಬೀಳುವ ಕ್ರಾಸ್ ಕರೆನ್ಸಿ ಶುಲ್ಕವನ್ನು ಹೊರಡುವ ಮೊದಲೇ ಕೇಳಿಕೊಳ್ಳಿ.

ಇನ್ನು ಟ್ರಾಮ್, ಮೆಟ್ರೊ. ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಹಳದಿ ಡಬ್ಬಿಗೆ ತೂರಿಸಿ ಸಮಯದ ಮುದ್ರೆ ಒತ್ತಿಸಬೇಕು. ಮೆಟ್ರೊದಲ್ಲಾದರೆ ಎಸ್ಕಲೇಟರ್ ಹತ್ತುವ ಮೊದಲೇ. ಮುದ್ರೆ ಒಂದೇ ಸಲ, ಟ್ರಾಮ್ ಬದಲಿಸಿದಾಗ ಮತ್ತೆ ಒತ್ತಿಸಿದರೆ ಟಿಕೆಟ್ಟೇ ಅಸಿಂಧು. ಟ್ರಾಮ್ ಒಳಗಿನ ಯಂತ್ರದಲ್ಲಿ ಕಾರ್ಡ್ ತಾಗಿಸಿ ಕೊಂಡದ್ದಕ್ಕೆ ಮುದ್ರೆ ಬೇಕಿಲ್ಲ. ಆ್ಯಪ್ ಟಿಕೆಟ್ ಚಾಲೂ ಆಗೋಕೆ ಒಂದೆರಡು ನಿಮಿಷ ಹಿಡಿಯುತ್ತೆ, ಚಾಲೂ ಆದಮೇಲೆ ಹತ್ತಿ. ತಪಾಸಣೆಯವರು ಮಫ್ತಿಯಲ್ಲಿ ಬಂದು ಬಿಲ್ಲೆ ತೋರಿಸುತ್ತಾರೆ. ‘ಗೊತ್ತಿರಲಿಲ್ಲ ಸಾರ್’ ಅಂದರೆ ಅಲ್ಲಿ ನಡೆಯಲ್ಲ, ದಂಡ ಸಾವಿರದ ಲೆಕ್ಕದಲ್ಲಿರುತ್ತೆ.

ಹಳೆಪೇಟೆ ಚೌಕದ ಮಳಿಗೆಗಳಲ್ಲಿ ಕೆಂಡದ ಮೇಲೆ ತಿರುಗುವ ಹಂದಿಮಾಂಸಕ್ಕೆ ಬರೆದಿರುವ ಬೆಲೆ 100 ಗ್ರಾಂಗೆ, ತಟ್ಟೆಗಲ್ಲ. ಮಾರುವವನು ತಾನಾಗಿ 400–500 ಗ್ರಾಂ ಕತ್ತರಿಸಿ ಹಾಕುತ್ತಾನೆ. ‘ಇನ್ನೂರು ಗ್ರಾಂ ಸಾಕು’ ಎಂದು ಮೊದಲೇ ಹೇಳಿ, ತಕ್ಕಡಿ ನೋಡಿ. ಸಸ್ಯಾಹಾರಿಗಳು ಪಕ್ಕದ ಬಾಣಲೆಯ ಆಲೂಗಡ್ಡೆ-ಎಲೆಕೋಸನ್ನು ನಂಬಬೇಡಿ, ಅದರಲ್ಲೂ ಬೇಕನ್ ಚೂರು ಬೆರೆತಿರೋದುಂಟು.

ಅದೇ ಚೌಕದಲ್ಲಿ 1410ರ ಖಗೋಳ ಗಡಿಯಾರವಿದೆ. ಗಂಟೆಗೊಮ್ಮೆ ಕಿಟಕಿಯಲ್ಲಿ ಯೇಸುವಿನ ಶಿಷ್ಯರಾದ ಅಪೊಸ್ತಲರ ಬೊಂಬೆಗಳು ಹಾದುಹೋಗುತ್ತವೆ. ನಿಮಿಷವೂ ಹಿಡಿಯದ ಆ ಆಟಕ್ಕೆ ನೂರಾರು ಜನ ಫೋನ್ ಎತ್ತಿ ಕತ್ತು ಮೇಲೆ ಮಾಡಿ ನಿಂತಿರುವಾಗಲೇ ಜೇಬುಗಳ್ಳರ ಕೈ ಓಡಾಡೋದು. ಬ್ಯಾಗನ್ನು ಎದೆಗೆ ತಂದುಕೊಳ್ಳಿ, ಪಾಸ್‌ಪೋರ್ಟ್ ಬೇರೆ ಜೇಬಿನಲ್ಲಿರಲಿ. ಕಳುವಾದರೆ 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ ಬರಹದಲ್ಲಿ ದೂರಿನ ಪ್ರತಿ ತೆಗೆದುಕೊಳ್ಳಿ. ಇನ್ಶೂರೆನ್ಸ್‌ನವರೂ ಪ್ರಾಗ್‌ನಲ್ಲೇ ಇರುವ ಭಾರತದ ರಾಯಭಾರ ಕಚೇರಿಯವರೂ ಮೊದಲು ಕೇಳೋದು ಅದನ್ನೇ.