ತಾಲ್ಲೂಕಿನ ಸಂಪನ್ಮೂಲ ಕೊಠಡಿ: ಸಾಮಾನು ಬಂದಿದೆ, ಅಳತೆ ಕೂಡಿಲ್ಲ

ಕಲಬುರಗಿ ಜಿಲ್ಲೆಯ ತಾಲ್ಲೂಕೊಂದರ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ನಡೆಯುವ, ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಕೊಠಡಿಗೆ ಐದಕ್ಕೆ ಎರಡೂವರೆ ಅಂಕ. ಅದರಲ್ಲಿ ಎರಡು ಅಲ್ಲಿನ ವಿಶೇಷ ಶಿಕ್ಷಕರಿಗೆ, ಫಿಸಿಯೋಥೆರಪಿಗೆ. ಸಾಮಾನಿಗೆ ಕೊರತೆಯಿಲ್ಲ, ಅದನ್ನು ಮಗುವಿನ ಮೈಗೆ ಹೊಂದಿಸುವವರಿಲ್ಲ.

ತೊಂದರೆ ಬಾಗಿಲಲ್ಲೇ ಶುರು. ಕಟ್ಟೆ ಒಂದೂವರೆ ಅಡಿ ಎತ್ತರ, ರ‍್ಯಾಂಪ್ 8 ಅಡಿ ಉದ್ದ. 1:12ರ ಲೆಕ್ಕದಲ್ಲಿ, ಅಂದರೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದದಂತೆ, 18 ಅಡಿ ಬೇಕು. ಇಷ್ಟು ಕಡಿದಾದರೆ ಗಾಲಿಕುರ್ಚಿಯನ್ನು ಮಗು ತಾನೇ ಏರಿಸಲಾರದು, ಇಳಿಯುವಾಗ ಮುಂದಕ್ಕೆ ಮುಗ್ಗರಿಸುತ್ತದೆ. ಅಂಗಳ ಸಾಲದಿದ್ದರೆ ಮಧ್ಯೆ 5 ಅಡಿ ಚೌಕದ ಸಮತಟ್ಟು ಬಿಟ್ಟು ಗೋಡೆಗುಂಟ ತಿರುಗಿಸಬಹುದಿತ್ತು. ಸಾಲದ್ದಕ್ಕೆ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು ಹಾಸಿದ್ದಾರೆ. ಮಳೆ ಬಿದ್ದರೆ ಊರುಗೋಲು ನಿಲ್ಲುವುದಿಲ್ಲ. ಪಾಲಿಶ್ ಇಲ್ಲದ ಒರಟು ಕಲ್ಲು ಅಗ್ಗಕ್ಕೂ ಸಿಗುತ್ತಿತ್ತು! ರ‍್ಯಾಂಪಿನ ಪಕ್ಕದ ಸ್ಟೀಲ್ ಹಿಡಿಕಂಬಿಯನ್ನು ನಮ್ಮ ಮಾರ್ಚ್ ಬಿಸಿಲಿನಲ್ಲಿ ಹಿಡಿಯಲಾಗದು, ಹಗ್ಗ ಸುತ್ತಿದರೂ ಸಾಕು.

ಶಿಬಿರದಲ್ಲಿ ಕೊಟ್ಟ ಕಿವಿ ಮಷಿನ್‌ಗಳು ಮಕ್ಕಳ ಚೀಲದಲ್ಲೇ ಉಳಿದಿವೆ. ಕಿವಿಯಚ್ಚು (ಮಷಿನ್‌ನ ಕಿವಿಯೊಳಗೆ ಕೂರುವ ಭಾಗ) ಸಡಿಲವಾದರೆ ಹೊರಬಂದ ಸದ್ದು ಮತ್ತೆ ಮೈಕಿಗೆ ಹೋಗಿ ಕುಂಯ್‌ಗುಡುತ್ತದೆ, ಮಗು ಕಿತ್ತಿಡುತ್ತದೆ. ಬೆಳೆಯುವ ಮಕ್ಕಳಿಗೆ ಅಚ್ಚನ್ನು ಆಗಾಗ ಹೊಸದಾಗಿ ತೆಗೆಸಲೇಬೇಕು. ಇಲ್ಲಿ ಆ ವ್ಯವಸ್ಥೆಯಿಲ್ಲ. ಮಷಿನ್‌ಗೆ ಹಾಕುವ ಜಿಂಕ್-ಏರ್ ಸೆಲ್‌ಗಳ ಬಗ್ಗೆಯೂ ಯಾರೂ ಹೇಳಿಕೊಡುವುದಿಲ್ಲ: ಅಂಟುಪಟ್ಟಿ ಕಿತ್ತೊಡನೆ ಗಾಳಿ ತಾಗಿ ಸೆಲ್ ಕೆಲಸ ಶುರುಮಾಡುತ್ತದೆ, ಮತ್ತೆ ಅಂಟಿಸಿಟ್ಟರೂ ಉಳಿಯುವುದಿಲ್ಲ. ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ರಾತ್ರಿ ಸೆಲ್ ಬಾಗಿಲು ತೆರೆದಿಡಬೇಕು.

ಶೌಚಾಲಯಕ್ಕೆ ಫಲಕವಿದೆ, ಆದರೆ ಬಾಗಿಲು ಒಳಕ್ಕೆ ತೆರೆಯುತ್ತದೆ. ಗಾಲಿಕುರ್ಚಿ ಒಳಹೋದರೆ ಬಾಗಿಲು ಮುಚ್ಚದು.

ಶಿಕ್ಷಕರು ಮಾತ್ರ ಗಟ್ಟಿ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಪಾಠ ಮಾಡುತ್ತಾರೆ, ಊಟದ ತಟ್ಟೆ ಹಿಡಿಯುವುದರಿಂದ ಗುಂಡಿ ಹಾಕುವವರೆಗೆ ತಾಯಿಗೂ ಕಲಿಸುತ್ತಾರೆ. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನಕ್ಕೆ ಬ್ಯಾಂಕ್ ಖಾತೆಯ ವಿವರವನ್ನೂ ಅವರೇ ಬೆನ್ನುಹತ್ತಿ ತರಿಸುತ್ತಾರೆ.

ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ, ತಾವು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯುವ ಹಕ್ಕನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೇ ಕೊಟ್ಟಿದೆ. "ವಿಶೇಷ ಶಾಲೆಗೇ ಹಾಕ್ರಿ" ಎಂದು ಮುಖ್ಯೋಪಾಧ್ಯಾಯರು ಸಾಗಹಾಕಿದರೆ ಒಪ್ಪಬೇಡಿ.

ಗಾಲಿಕುರ್ಚಿಯ ಶಿಬಿರಕ್ಕೆ ಹೋಗುವವರು ಮಗುವನ್ನು ಕೂರಿಸಿ ಸೊಂಟದ ಅಗಲ ಅಳೆದುಕೊಳ್ಳಿ, ಆಸನ ಅದಕ್ಕಿಂತ ಎರಡು ಇಂಚು ಹೆಚ್ಚಿದ್ದರೆ ಸಾಕು. ಪಾದ ಜೋತುಬಿದ್ದರೆ, ಕುರ್ಚಿ ಪಡೆದಿದ್ದಕ್ಕೆ ಸಹಿ ಹಾಕುವ ಮೊದಲೇ ಪಾದ ಇಡುವ ಪಟ್ಟಿಯನ್ನು ಏರಿಸಿಕೊಳ್ಳಿ.