ಐಇಎಲ್‌ಟಿಎಸ್ ರೀಡಿಂಗ್ ಅಭ್ಯಾಸ ಸೇವೆ: ವಿವರಣೆ ಮೆಚ್ಚುವಂಥದ್ದು, ಅಂಕ ನಂಬುವಂಥದ್ದಲ್ಲ

ಇಂಗ್ಲಿಷ್ ಭಾಷಾ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ರೀಡಿಂಗ್, ಅಂದರೆ ಓದುವ ವಿಭಾಗಕ್ಕೆಂದು ಇರುವ ಈ ಆನ್‌ಲೈನ್ ಅಭ್ಯಾಸ ಸೇವೆಯನ್ನು ಒಂದು ವರ್ಷಕ್ಕೂ ಮಿಕ್ಕಿ ಬಳಸಿದ್ದೇನೆ. ಮೊದಲು ನನ್ನ ಅಕಾಡೆಮಿಕ್ (ಉನ್ನತ ವ್ಯಾಸಂಗಕ್ಕೆ ಹೋಗುವವರ) ಪರೀಕ್ಷೆಗೆ, ಆಮೇಲೆ ತಂಗಿಯ ಜನರಲ್ ಟ್ರೇನಿಂಗ್ (ಹೆಚ್ಚಾಗಿ ಕೆಲಸ, ವಲಸೆಗೆಂದು ಬರೆಯುವ ಪರೀಕ್ಷೆಯ) ಸಿದ್ಧತೆಗೆ. ಓದುವ ಕ್ರಮವನ್ನು ರೂಢಿಸಿಕೊಳ್ಳಲು ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ಸಾಧನ. ಆದರೆ ನಮ್ಮ ಮಟ್ಟ ಎಲ್ಲಿದೆ ಎಂದು ಅಳೆದುಕೊಳ್ಳಲು ಇದನ್ನೇ ನಂಬಿ ಕೂರುವಂತಿಲ್ಲ.

ರೀಡಿಂಗ್ ವಿಭಾಗದಲ್ಲಿ 60 ನಿಮಿಷಗಳಲ್ಲಿ 40 ಪ್ರಶ್ನೆಗಳಿಗೆ ಉತ್ತರಿಸಬೇಕು. ಅಕಾಡೆಮಿಕ್‌ನಲ್ಲಿ ಮೂರು ಗದ್ಯಭಾಗಗಳು ಸೇರಿ 2150ರಿಂದ 2750 ಪದಗಳಷ್ಟಿರುತ್ತವೆ, ಉತ್ತರಗಳನ್ನು ಹಾಳೆಗೆ ಇಳಿಸಲು ಪ್ರತ್ಯೇಕ ಸಮಯವನ್ನೂ ಕೊಡುವುದಿಲ್ಲ. ಇದನ್ನು ಕೇಳಿದವರೆಲ್ಲ ಓದುವ ವೇಗ ಹೆಚ್ಚಿಸಿಕೊಳ್ಳಲು ಹೊರಡುತ್ತಾರೆ. ನಿಜವಾಗಿ ಸಮಯ ಸೋರಿಹೋಗುವುದು ಒಮ್ಮೆ ಓದಿದ ಭಾಗವನ್ನೇ ಉತ್ತರಕ್ಕಾಗಿ ಮತ್ತೆ ಮತ್ತೆ ತಡಕಾಡುವುದರಲ್ಲಿ. ಈ ಸೇವೆಯ ದೊಡ್ಡ ಗುಣ ಇರುವುದು ಇಲ್ಲಿಯೇ. ಉತ್ತರ ಸಲ್ಲಿಸಿದ ಮೇಲೆ ಪ್ರತಿ ಪ್ರಶ್ನೆಗೂ ಆಧಾರವಾದ ವಾಕ್ಯವನ್ನು ಗದ್ಯದಲ್ಲಿ ಬಣ್ಣ ಹಾಕಿ ತೋರಿಸುತ್ತದೆ, ಪಕ್ಕದಲ್ಲಿ ಪ್ರಶ್ನೆಯ ಯಾವ ಮಾತು ಗದ್ಯದ ಯಾವ ಮಾತಿಗೆ ಹೊಂದುತ್ತದೆ ಎಂಬುದನ್ನೂ ಜೋಡಿಸಿ ಕೊಡುತ್ತದೆ. 'ಸಂಶೋಧಕರಲ್ಲಿ ಒಮ್ಮತವಿರಲಿಲ್ಲ' ಎಂಬರ್ಥದ ಪ್ರಶ್ನೆಗೆ ಗದ್ಯದಲ್ಲಿ ಸಿಗುವುದು 'ಕೆಲವರು ಇದನ್ನು ಒಪ್ಪಿದರೆ ಉಳಿದವರು ಸಾರಾಸಗಟಾಗಿ ತಳ್ಳಿಹಾಕಿದರು' ಎಂಬಂಥ ವಾಕ್ಯ. ಇಂಥ ಜೋಡಿಗಳನ್ನು ದಿನವೂ ನೋಡುತ್ತ ಹೋದಂತೆ, ಪ್ರಶ್ನೆಯಲ್ಲಿದ್ದ ಪದವನ್ನೇ ಗದ್ಯದಲ್ಲಿ ಹುಡುಕುವ ಚಟ ತಾನಾಗಿಯೇ ಬಿಟ್ಟುಹೋಗುತ್ತದೆ.

ಪ್ರಶ್ನೆಗಳನ್ನು ಬಗೆಯ ಪ್ರಕಾರ ಬೇರ್ಪಡಿಸಿ ಅಭ್ಯಾಸ ಮಾಡುವ ಸೌಲಭ್ಯವೂ ಉಪಯುಕ್ತವಾಗಿದೆ. ಒಂದು ಹೇಳಿಕೆ ಸರಿಯೇ, ತಪ್ಪೇ, ಗದ್ಯದಲ್ಲಿ ಹೇಳಿಯೇ ಇಲ್ಲವೇ ಎಂದು ಗುರುತಿಸುವ ಟ್ರೂ, ಫಾಲ್ಸ್, ನಾಟ್ ಗಿವನ್ ಪ್ರಶ್ನೆಗಳ ಉತ್ತರಗಳು ಗದ್ಯದ ಕ್ರಮದಲ್ಲೇ ಬರುತ್ತವೆ. ಯಾವ ಮಾಹಿತಿ ಯಾವ ಪ್ಯಾರಾದಲ್ಲಿದೆ ಎಂದು ಗುರುತಿಸುವ ಪ್ರಶ್ನೆಗಳಿಗೆ ಆ ಕ್ರಮವಿಲ್ಲ. ಎರಡಕ್ಕೂ ಒಂದೇ ಉಪಾಯ ನಡೆಯದು ಎಂಬುದು, ಒಂದು ಬಗೆಯನ್ನೇ ಹಿಡಿದು ಸತತವಾಗಿ ಕೆಲವು ದಿನ ಬಿಡಿಸಿದಾಗ ಮನವರಿಕೆಯಾಗುತ್ತದೆ.

ಇನ್ನು ದೋಷಗಳ ಮಾತು. ಅಧಿಕೃತ ಮಾದರಿ ಪರೀಕ್ಷೆಗಳಲ್ಲಿ ನಾಟ್ ಗಿವನ್ ಎಂದರೆ ಆ ವಿಷಯವನ್ನು ಗದ್ಯ ಸಮರ್ಥಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ ಎಂದರ್ಥ, ಓದುವವರ ಹೊರಗಿನ ತಿಳಿವಳಿಕೆಗೆ ಅಲ್ಲಿ ಜಾಗವಿಲ್ಲ. ಈ ಸೇವೆಯ ಕೆಲವು ಪ್ರಶ್ನೆಗಳು ಇದೇ ಮೂಲ ನಿಯಮವನ್ನು ಮುರಿಯುತ್ತವೆ. ಒಂದು ದೀಪಸ್ತಂಭದ ಕುರಿತ ಗದ್ಯದಲ್ಲಿ, ದೀಪವನ್ನು ಮೊದಲು ಎಣ್ಣೆಯಿಂದ ಉರಿಸುತ್ತಿದ್ದರು, ವಿದ್ಯುತ್ ಬಂದದ್ದು ಅನಂತರ ಎಂದಷ್ಟೇ ಇತ್ತು. 'ದೀಪ ಆರಂಭದಿಂದಲೂ ವಿದ್ಯುತ್ತಿನಿಂದ ಉರಿಯುತ್ತಿತ್ತು' ಎಂಬ ಹೇಳಿಕೆ ಫಾಲ್ಸ್, ಅದರಲ್ಲಿ ತಕರಾರಿಲ್ಲ. 'ಎಣ್ಣೆಯ ಖರ್ಚು ಹೆಚ್ಚಾದ ಕಾರಣ ವಿದ್ಯುತ್ ಅಳವಡಿಸಲಾಯಿತು' ಎಂಬುದು ನಾಟ್ ಗಿವನ್ ಆಗಬೇಕು, ಏಕೆಂದರೆ ಕಾರಣದ ಸುದ್ದಿಯನ್ನೇ ಗದ್ಯ ಎತ್ತಿಲ್ಲ. ಸೇವೆಯ ಉತ್ತರಪಟ್ಟಿಯಲ್ಲಿ ಅದು ಟ್ರೂ, ಮತ್ತು ವಿವರಣೆಯಲ್ಲಿ ಎಣ್ಣೆ ದುಬಾರಿಯಾಗಿತ್ತೆಂಬುದು ಸಹಜ ಊಹೆ ಎಂದು ಬರೆದಿದ್ದಾರೆ. ಊಹಿಸಬೇಡಿ ಎಂದು ಕಲಿಸಬೇಕಾದವರೇ ಊಹೆಗೆ ಅಂಕ ಕೊಟ್ಟರೆ ಕಲಿಯುವವರು ಯಾರನ್ನು ನಂಬಬೇಕು? ಈ ಕುರಿತು ಬರೆದು ತಿಳಿಸಿದೆ. ವಿನಯದ ಉತ್ತರವೇನೋ ಬಂತು, ಉತ್ತರಪಟ್ಟಿ ಮಾತ್ರ ಹಾಗೆಯೇ ಇದೆ.

ಬ್ಯಾಂಡ್, ಅಂದರೆ ಸರಿಯುತ್ತರಗಳ ಸಂಖ್ಯೆಯ ಮೇಲೆ ಸಿಗುವ 9ರವರೆಗಿನ ಶ್ರೇಣಿಯ ಲೆಕ್ಕವೂ ಸಡಿಲ. ಅಕಾಡೆಮಿಕ್‌ನಲ್ಲಿ 40ಕ್ಕೆ 30 ಸರಿಯಾದರೆ ಸಾಮಾನ್ಯವಾಗಿ ಬ್ಯಾಂಡ್ 7 ಸಿಗುತ್ತದೆ, ಜನರಲ್ ಟ್ರೇನಿಂಗ್‌ನಲ್ಲಿ ಅದೇ ಬ್ಯಾಂಡ್‌ಗೆ ಸುಮಾರು 34 ಬೇಕು. ಈ ಸೇವೆ ಎರಡಕ್ಕೂ ಒಂದೇ ಕೋಷ್ಟಕವನ್ನು ಬಳಸುತ್ತಿರುವುದು ತಂಗಿಯ ಅಂಕಗಳನ್ನು ನೋಡುವಾಗ ನನ್ನ ಗಮನಕ್ಕೆ ಬಂತು. ಅವಳಿಗೆ 30 ಬಂದಾಗಲೆಲ್ಲ ಪರದೆಯ ಮೇಲೆ 7 ಎಂದು ಹಸಿರು ಅಕ್ಷರದಲ್ಲಿ ಮೂಡುತ್ತಿತ್ತು, ಪರೀಕ್ಷೆಯಲ್ಲಿ ಅದು 6ರ ಆಸುಪಾಸು. ಅಲ್ಲದೆ ಖಾಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಎರಡು ಪದಗಳನ್ನು ಮೀರಬಾರದು ಎಂಬ ಸೂಚನೆ ಇದ್ದರೂ ಮೂರು ಪದ ಬರೆದರೆ ಸರಿ ಎನ್ನುತ್ತದೆ, ಸಣ್ಣ ಕಾಗುಣಿತ ದೋಷಗಳನ್ನೂ ಮನ್ನಿಸುತ್ತದೆ. ನಿಜವಾದ ಪರೀಕ್ಷೆಯಲ್ಲಿ ಎರಡಕ್ಕೂ ಅಂಕವಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವೆಂಬುದೊಂದು ಮಾತ್ರ ಎರಡೂ ಕಡೆ ಸಮಾನ.

ಲ್ಯಾಪ್‌ಟಾಪ್‌ನಲ್ಲಿ ಎಡಕ್ಕೆ ಗದ್ಯ, ಬಲಕ್ಕೆ ಪ್ರಶ್ನೆ ಇರುವ ವಿನ್ಯಾಸವು ಕಂಪ್ಯೂಟರ್ ಪರೀಕ್ಷೆಯನ್ನೇ ಹೋಲುತ್ತದೆ. ಫೋನಿನ ಆವೃತ್ತಿಯಲ್ಲಿ ಇವೆರಡೂ ಬೇರೆ ಬೇರೆ ಪುಟಗಳಲ್ಲಿರುವುದರಿಂದ ಅಲ್ಲಿ ಗಡಿಯಾರ ಹಚ್ಚಿ ಪೂರ್ಣ ಪರೀಕ್ಷೆ ಬರೆಯುವುದು ವ್ಯರ್ಥ ಶ್ರಮ.

ಈಗ ನಮ್ಮ ಮನೆಯಲ್ಲಿ ಮಟ್ಟ ಅಳೆಯುವ ಕೆಲಸ ಪೂರ್ತಿಯಾಗಿ ಅಧಿಕೃತ ಮಾದರಿ ಪರೀಕ್ಷೆಗಳದ್ದು. ಅವು ಸೀಮಿತವಾಗಿರುವುದರಿಂದ ಕಾಯ್ದಿಟ್ಟುಕೊಂಡು ಒಂದೊಂದಾಗಿ, ಒಂದೇ ಕೂರಿಕೆಯಲ್ಲಿ ಬರೆಯುತ್ತೇವೆ. ಅಲ್ಲಿ ಎಡವಿದ ಬಗೆಯ ಪ್ರಶ್ನೆಗಳನ್ನು ಆ ವಾರವೆಲ್ಲ ಈ ಸೇವೆಯಲ್ಲಿ ತಿದ್ದಿಕೊಳ್ಳುತ್ತೇವೆ. ಹೊಸಬರಿಗೆ ವಾರ್ಷಿಕ ಚಂದಾ ಅನಗತ್ಯ, ಮೂರು ತಿಂಗಳದ್ದು ಧಾರಾಳವಾಗಿ ಸಾಕು, ಏಕೆಂದರೆ ಅನಂತರ ಬರುವ ಗದ್ಯಗಳು ಹೆಚ್ಚಾಗಿ ಹಳೆಯವೇ. ಚಂದಾ ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಖಾತೆ ತೆರೆದ ದಿನವೇ ತೆಗೆದುಹಾಕಿ.