ಹೆನ್ರಿ ಅಥವಾ ಜಿರೂ: ಯುವ ಸ್ಟ್ರೈಕರ್‌ಗೆ ಯಾರು ಮಾದರಿ?

ಫ್ರಾನ್ಸ್ ಫುಟ್‌ಬಾಲ್ ತಂಡದ ಪರ ಥಿಯರಿ ಹೆನ್ರಿ ಗಳಿಸಿದ 51 ಗೋಲುಗಳ ದಾಖಲೆಯನ್ನು ಒಲಿವಿಯರ್ ಜಿರೂ 57 ಗೋಲುಗಳೊಂದಿಗೆ ಮೀರಿದರು; ಆದರೆ ಸ್ಟ್ರೈಕರ್, ಅಂದರೆ ಗೋಲು ಹೊಡೆಯುವ ಮುಂಚೂಣಿ ಆಟಗಾರ, ಆಗಬಯಸುವವರು ಯಾರ ಆಟವನ್ನು ಅಭ್ಯಸಿಸಬೇಕೆಂಬುದನ್ನು ಈ ಸಂಖ್ಯೆಗಳು ತೀರ್ಮಾನಿಸಲಾರವು.

ಹೆನ್ರಿಯ ಬಂಡವಾಳ ವೇಗ. ಎಡ ಅಂಚಿನಿಂದ ಒಳನುಗ್ಗಿ, ಬಲಗಾಲಿನ ಒಳಬದಿಯಿಂದ ಚೆಂಡನ್ನು ಗೋಲಿನ ದೂರದ ಕಂಬದತ್ತ ಬಾಗಿಸುವ ಹೊಡೆತ ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಪರ ಅವರು ಗಳಿಸಿದ 228 ಗೋಲುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಇಪ್ಪತ್ತನೇ ವಯಸ್ಸಿಗೇ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಅವರ ಹಾದಿ ಅಪರೂಪದ ಪ್ರತಿಭೆಗಷ್ಟೇ ತೆರೆಯುವಂಥದ್ದು.

ಜಿರೂ ಅವರದು ತಡವಾಗಿ ಫಲಿಸಿದ ಶ್ರಮ. 2010ರವರೆಗೂ ಎರಡನೇ ದರ್ಜೆಯ ತೂರ್ ತಂಡದಲ್ಲಿದ್ದ ಅವರು, 2012ರಲ್ಲಿ 21 ಗೋಲು ಹೊಡೆದು ಮೊಂಪೆಲಿಯೆ ತಂಡವು ಫ್ರೆಂಚ್ ಲೀಗ್ ಪ್ರಶಸ್ತಿ ಗೆಲ್ಲಲು ನೆರವಾದರು. 2018ರ ವಿಶ್ವಕಪ್‌ನಲ್ಲಿ ಒಂದೂ ಗೋಲು ಗಳಿಸದಿದ್ದರೂ, ಗೋಲಿಗೆ ಬೆನ್ನು ಮಾಡಿ ನಿಂತು, ಮೈಮೇಲೆ ಬೀಳುವ ರಕ್ಷಣಾ ಆಟಗಾರರನ್ನು ತಡೆದು, ಸಹ ಆಟಗಾರರಾದ ಎಂಬಾಪೆ ಮತ್ತು ಗ್ರೀಜ್‌ಮನ್ ಅವರಿಗೆ ಜಾಗ ಮಾಡಿಕೊಟ್ಟ ಅವರನ್ನು ತರಬೇತುದಾರ ದೆಶಾಂ ಕೈಬಿಡಲಿಲ್ಲ. ಈ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

ಸಹಜ ವೇಗವುಳ್ಳವರು ಹೆನ್ರಿಯನ್ನು ಆರಿಸಿಕೊಳ್ಳಲಿ. ಉಳಿದ ಬಹುಪಾಲು ಆಟಗಾರರಿಗೆ, ಅದರಲ್ಲೂ ಎತ್ತರವಾಗಿದ್ದು ಓಟದಲ್ಲಿ ಹಿಂದುಳಿಯುವವರಿಗೆ, ಜಿರೂ ಅವರಿಂದ ಕಲಿಯಬಹುದಾದದ್ದೇ ಹೆಚ್ಚು.